ಕೊನೆಯ ಸಾಲು

ಈ ಸೋಮವಾರದಿಂದ ನನ್ನ ಫೋನು
ಹುಡುಕುವುದು ಬಿಟ್ಟು ಹೇಳತೊಡಗಿದೆ.
ಮೊದಲೆಲ್ಲ ಹತ್ತು ಬಾಗಿಲು ತೋರಿಸಿ ಸುಮ್ಮನಾಗುತ್ತಿತ್ತು,
ತಟ್ಟುವ ಕೆಲಸ ನನ್ನದು.
ಈಗ ತಾನೇ ಒಳಹೊಕ್ಕು, ತಾನೇ ವಿಚಾರಿಸಿ,
ಕೈಕಟ್ಟಿ ನಿಂತು ಒಪ್ಪಿಸುತ್ತದೆ ವರದಿ
ಹಳೇ ಕಚೇರಿಯ ಗುಮಾಸ್ತನ ಹಾಗೆ.

ಹಾಕಿಕೊಟ್ಟವನು ಪಕ್ಕದಂಗಡಿಯ ರೆವಾಜ್.
'ಓತಾರ್ ಮಾವ, ಏನು ಬೇಕಾದರೂ ಕೇಳು' ಅಂದ.
ಕೇಳಿದೆ.
ಜಾಡಿಯ ಮುಚ್ಚಳ ಕಚ್ಚಿಕೊಂಡಿದೆ, ಏನು ಮಾಡಲಿ?
ಕುತಾಯಿಸಿಗೆ ಕೊನೆಯ ರೈಲು ಎಷ್ಟಕ್ಕೆ?
ಈ ಮೊಣಕಾಲು ಹತ್ತುವಾಗ ಸುಮ್ಮನಿದ್ದು
ಇಳಿಯುವಾಗ ಮಾತ್ರ ಯಾಕೆ ನೋಯುತ್ತದೆ?
ಎಲ್ಲಕ್ಕೂ ಉತ್ತರ. ಮೊಣಕಾಲಿಗೆ ಶುಭಹಾರೈಕೆ ಕೂಡ.
ಮುಚ್ಚಳ ತೆರೆಯಿತು, ಸುಳ್ಳು ಯಾಕೆ ಹೇಳಲಿ.

ಗುರುವಾರ ಸಂಜೆ
ಹೊರಗಿನವರ ನಾಲಿಗೆ ತೊಡರುವ ನಮ್ಮ ಮ್ತ್ಕ್ವಾರಿ ನದಿ ದಾಟಿ
ಯಾರದೋ ಕನ್ನಡಕ ತಲುಪಿಸಿ ಬರುವಾಗ ಹಸಿವು.
ಬಿಸಿ ರೊಟ್ಟಿ, ಹತ್ತಿರ, ಈಗ, ಎಂದೆ.
'ದಾಳಿಂಬೆ ಬೀದಿ, ಹದಿನಾಲ್ಕು, ನೆಲಮಾಳಿಗೆ.
ದೋಣಿಯಾಕಾರದ ರೊಟ್ಟಿ. ಏಳೂವರೆಯ ತನಕ.
ಜನ ತುಂಬಾ ಮೆಚ್ಚಿದ್ದಾರೆ.'

ಎಂಟು ಮೆಟ್ಟಿಲು ಇಳಿದೆ, ಮೊಣಕಾಲು ಬೈಯಿತು.
ಕೆಳಗೆ ತುಕ್ಕು ಹಿಡಿದ ಬೀಗ.
ಹೊಸ್ತಿಲ ಮೇಲೆ, ಬಾಡಿಗೆ ಕೊಡುವವಳಂತೆ, ಒಂದು ಬೆಕ್ಕು.
ಮತ್ತೆ, ಮುಖಕ್ಕೆ ಫೋನಿನ ಬೆಳಕು ಬಳಿದುಕೊಂಡು
ನರ್ಸಿನ ಬಟ್ಟೆಯ ಹೆಂಗಸು:
'ನಿಮಗೂ ಏಳೂವರೆ ಅಂತಲೇ ಹೇಳಿತೇ?'

ಮೇಲಿನ ಬಾಲ್ಕನಿಯಿಂದ ಬಿತ್ತು ದನಿ:
'ಗುರಾಮ್ ಬೇಕರಿ ಮುಚ್ಚಿ ಬತುಮಿಗೆ ಹೋಗಿ ಐದು ವರ್ಷ!
ಈ ವಾರ ನೀವು ಹತ್ತು, ಹನ್ನೊಂದನೆಯವರು.'

ಇಲ್ಲಿ ಬೀಗ ಇದೆಯಲ್ಲೋ, ಎಂದು ಬರೆದೆ.
'ನೀವು ಹೇಳಿದ್ದು ಸರಿ. ಕ್ಷಮಿಸಿ' ಎಂದಿತು
ಕಿವಿ ಕೆಂಪಾಗದೆ.

ಕೋಪ ಬರಲಿಲ್ಲ.
ಮೂವತ್ತೈದು ವರ್ಷ ಕಣ್ಣು ಪರೀಕ್ಷೆ ಮಾಡಿದವನು ನಾನು.
ಗೋಡೆಯ ಹಲಗೆಯಲ್ಲಿ ಅಕ್ಷರ ಸಣ್ಣದಾಗುತ್ತ
ಇರುವೆ ಸಾಲಾಗುವ ಕಡೆ,
ಕಾಣುವುದಿಲ್ಲ ಎನ್ನುವವರು ಎಷ್ಟು ಮಂದಿ?
ಪ್ರೊಫೆಸರು, ಪೊಲೀಸು, ಪಾದ್ರಿ, ಎಲ್ಲರೂ
ಮಂಜಿನೊಳಗೊಂದು ಬಾಲ ಹಿಡಿದು
ಪೂರಾ ಅಕ್ಷರ ಎಳೆದು ತೆಗೆಯುತ್ತಾರೆ.
ಕಾಣದಷ್ಟೂ ದನಿ ಜೋರು.
ನಾನು ಬೈಯುವುದಿಲ್ಲ, ಗಾಜು ಬದಲಿಸುತ್ತೇನೆ:
ಇದು ಸ್ಪಷ್ಟವೋ? ಇದೋ?

ಮುಂದಿನ ಗುರುವಾರ ಮತ್ತೆ ಹೋದೆ.
ಯಾಕೆ ಎಂದು ಫೋನನ್ನು ಕೇಳಲಿಲ್ಲ.
ಬೀಗದ ಮುಂದೊಂದು ಮಡಚುವ ಮೇಜು,
ಹೂವಿನ ಬಟ್ಟೆಯಡಿ ರೊಟ್ಟಿ.
ದೋಣಿಯಲ್ಲ, ದುಂಡಗೆ, ಒಂದು ಕಡೆ ಸೀದದ್ದು.
ಬಾಲ್ಕನಿಯ ಲಮಾರಾ ಈಗ ನೆಲಕ್ಕಿಳಿದಿದ್ದಾಳೆ:
'ದಿನಾ ಯಾರೋ ಬಂದು ಬರಿಗೈಲಿ ಹತ್ತಿ ಹೋಗ್ತಾರೆ.
ನನ್ನ ಬಾಗಿಲ ಕೆಳಗೆ ಅದು ಚೆಂದವೇ?'
ಹಿಂದೆ ನರ್ಸು, ಅವಳ ಹಿಂದೆ ಸ್ಕೂಟರಿನ ಹುಡುಗ.
ಬೆಕ್ಕಿಗೆ ಜಾಗ ಸಾಲದು.

ಮೆಟ್ಟಿಲ ಮೇಲೆ ಕೂತು, ಮುರಿದು, ಆವಿ ಮುಖಕ್ಕೆ ಬಡಿಯುತ್ತಿರಲು
ಕೀಟಲೆಗೆ ಕೇಳಿದೆ: ಇಲ್ಲಿ ರೊಟ್ಟಿ ಸಿಗುತ್ತದೆಯೇ?
'ಇಲ್ಲ. ಆ ವಿಳಾಸದ ಬೇಕರಿ ಶಾಶ್ವತವಾಗಿ ಮುಚ್ಚಿದೆ.'
ಅದೇ ದನಿ. ಅದೇ ವಿನಯ.
ಬಾಯಿ ತುಂಬಿತ್ತು, ತಿದ್ದಲಿಲ್ಲ.

ಚಿಲ್ಲರೆಯನ್ನು ಮೂಗಿನ ತುದಿಗೆ ತಂದು ಎಣಿಸುತ್ತಿದ್ದಳು ಲಮಾರಾ.
ಶನಿವಾರ ಅಂಗಡಿಗೆ ಬಾ, ದುಡ್ಡು ಬೇಡ, ಎಂದೆ.
ಬಂದಳು. ಬೆನ್ನು ನೆಟ್ಟಗೆ ಮಾಡಿ ಕೂತಳು.
ಮೊದಲ ಸಾಲು ಓದಿದಳು. ಎರಡು. ಮೂರನೆಯದು ತಡವರಿಸಿ.
ಕೊನೆಯದು? ಎಂದೆ.

'ಕಾಣಿಸಲ್ಲಪ್ಪಾ' ಎಂದಳು.

ಎಷ್ಟು ದಿನವಾಗಿತ್ತು ಆ ಮಾತು ಕೇಳಿ.
ಕೈ ತಡೆದು ನಿಂತೆ ಒಂದು ಗಳಿಗೆ,
ಆಮೇಲೆ ಗಾಜು ಹುಡುಕಿದೆ.