ಹಲ್ಲಿನ ಲೆಕ್ಕ

ಮುರಿದ ಬ್ಲೇಡನ್ನು ಹಳೆ ಪೇಪರಿನಲ್ಲಿ ಸುತ್ತಿ,
ಗುಟ್ಕಾದ ಖಾಲಿ ಚೀಟಿನಲ್ಲಿ ಒಂದು ಚಿಟಿಕೆ ಉಕ್ಕಿನ ಚೂರು ತುಂಬಿ
ಅಕ್ಕಲಕೋಟ ರೋಡಿನ ಶೆಡ್ಡಿನಿಂದ ಮಂಗಳವಾರ ಪೇಟೆಗೆ
ಶೇರ್ ರಿಕ್ಷಾದಲ್ಲಿ ಬಂದೆ.
ಮಾಲಕ ಕೊಟ್ಟದ್ದು ಮೂರು ಸಾವಿರದ ಇನ್ನೂರು,
ಮೇಲೊಂದು ಮಾತು:
"ಬೌರವ್ವಾ, ಅಗ್ಗದ್ದು ತರಬ್ಯಾಡ. ತುಟ್ಟೀದೂ ತರಬ್ಯಾಡ."

ಮುಫದ್ದಲ ಸೇಠ ರೇಟು ಹೇಳಲಿಲ್ಲ.
ಜರಿಯಂಚಿನ ಟೊಪ್ಪಿಗೆ ಸರಿಸಿ, ಕನ್ನಡಕ ಹಣೆಗೇರಿಸಿ,
ಮುರಿದ ತುದಿಯ ಮೇಲೆ ಹೆಬ್ಬೆರಳಾಡಿಸಿದ.
"ಹಲ್ಲಿನ ಬುಡದಿಂದ ಸೀಳಿಲ್ಲ ಇದು. ಬೆನ್ನಿಂದ ಸೀಳೇದ.
ಯಾರೋ ಹಸಿದವರಂಗ ಒತ್ಯಾರ."
ದೀಪಾವಳಿಯ ಹಿಂದಿನ ರಾತ್ರಿ,
ವಾಲ್ವನ್ನು ಪೂರಾ ತಿರುವಿದ ಕೈ
ಸೆರಗಿನೊಳಗೆ ಸುಮ್ಮನಿತ್ತು.

"ಏಳು ಹಲ್ಲು ಸಾಲಾಗಿ ಹೋಗ್ಯಾವ. ಪೈಪು ಕೊಯ್ದೀರಿ."
ಹೌದ್ರಿ. ಸಾಲಿ ಬೆಂಚಿನ ಕಾಲು. ಎರಡು ಮಿಲಿ ಗ್ವಾಡಿ.
"ಮೂರು ಹಲ್ಲು, ಬಾಯಿ!
ಯಾವಾಗ ನೋಡಿದ್ರೂ ಮೂರು ಹಲ್ಲು ಕಬ್ಬಿಣದಾಗ ಇರಬೇಕು.
ಒಂದು ಒಳಗ ಹೋಗೋದು, ಒಂದು ಕಡಿಯೋದು, ಒಂದು ಹೊರಗ ಬರೋದು.
ಒಂದೇ ಹಲ್ಲು ತೆಳು ಗ್ವಾಡಿ ಮ್ಯಾಲ ಕುಂತ್ರ ಮುರೀತದ,
ಮುರಿದದ್ದು ಹಿಂದಿನದನ್ನ ಮುರೀತದ."

ಅವನು ಬಾಯಿ ಅಂದದ್ದು ಮರಾಠಿಯಲ್ಲಿ,
ನನಗೆ ಕೇಳಿದ್ದು ಕನ್ನಡದಲ್ಲಿ.
ನಾಲಿಗೆಯಿಂದ ತಡವಿಕೊಂಡೆ:
ಮನೆಯಲ್ಲಿ ಒಂದು ಮಾತು, ಶೆಡ್ಡಿನಲ್ಲಿ ಒಂದು,
ನಳದ ಪಾಳಿಯಲ್ಲಿ ನೇಕಾರ ಹೆಂಗಸರ ಜೊತೆ ತೆಲುಗು.
ಒಂದರ ಮೇಲೇ ಕುಂತಿದ್ದರೆ
ಈ ಸೊಲ್ಲಾಪುರದಲ್ಲಿ ನಾನೂ ಮುರಿಯುತ್ತಿದ್ದೆನೇನೋ.

ಚೂರನ್ನು ಬಿಲ್ಲಿನ ಪುಸ್ತಕದ ಮೇಲೆ ಸುರಿದು
ಮೊಬೈಲಿನ ಬೆಳಕು ಬಿಟ್ಟ. "ನೀಲಿ. ಸುಟ್ಟದ."
ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಮೊಳೆಗಳಿಗೆ ನೇತುಬಿದ್ದಿದ್ದವು ಮೂರು ಸುತ್ತಿನ ಉಂಗುರಗಳು.
ಅಳತೆ ನನಗೆ ಬಾಯಿಪಾಠ:
ಉದ್ದ ಮೂರು ಸಾವಿರದ ಐನೂರಾ ಐದು, ಅಗಲ ಇಪ್ಪತ್ತೇಳು.
ಕಾರ್ಬನ್ನಿನದು ಒಂಬೈನೂರು, ಹತ್ತು ದಿನದ ನೆಂಟ.
ಗಾಜಿನ ಕಪಾಟಿನಲ್ಲಿ ಕಾರ್ಬೈಡು,
ಅದರ ಬೆಲೆ ಕೇಳುವುದಕ್ಕೂ ಬೆಲೆ ಇದ್ದಂತಿತ್ತು.
ನಡುವೆ ಬೈಮೆಟಲ್, ಎರಡು ಲೋಹದ ಬೆಸುಗೆ:
"ಬೆನ್ನು ಬಾಗತದ. ಹಲ್ಲು ಬಾಗಂಗಿಲ್ಲ."

ಪೈಪಿಗೂ ಆಗಬೇಕು, ಶಾಫ್ಟಿಗೂ ಆಗಬೇಕು, ಅಂಥದ್ದು ಕೊಡ್ರಿ.
ಸೇಠ ನಕ್ಕ:
"ಸೂಜಿನೂ ಇದೇ, ದಬ್ಬಣನೂ ಇದೇ ಅಂತ ಮಾರೋವ್ರು
ಮುಂದಿನ ಓಣ್ಯಾಗ ಅದಾರ, ಹೋಗ್ರಿ."
ಹೋಗಲಿಲ್ಲ. ಬೆರಳು ಮಡಚಿದೆ.
ಸಕ್ಕರೆ ಕಾರ್ಖಾನೆಯ ಶಾಫ್ಟು, ಎಂಬತ್ತು ಮಿಲಿ, ಗಟ್ಟಿ, ನೂರಾ ಇಪ್ಪತ್ತು ತುಂಡು.
ಬೆಂಚು ಅರವತ್ತು.
ಗಟ್ಟಿಗೆ ಇಂಚಿಗೆ ಮೂರು-ನಾಲ್ಕು ಹಲ್ಲು, ನಡುವೆ ಚೂರು ಕೂಡಲು ಜಾಗ.
ಪೈಪಿಗೆ ಹತ್ತು-ಹದಿನಾಲ್ಕು, ಬಾಚಣಿಕೆಯಂಥದು.
ದುಡ್ಡು ಒಂದಕ್ಕೇ.

ಮೂರು-ನಾಲ್ಕು ಕೊಡ್ರಿ ಅಂದೆ.
ಬೆಂಚಿನ ಕಾಲು ಕೈಗರಗಸದಲ್ಲಾಗಲಿ, ನನ್ನ ರಟ್ಟೆಗೆ ಬಾಡಿಗೆ ಇಲ್ಲ.
ಬಿಲ್ಲು ಮೂರು ಸಾವಿರದ ಮುನ್ನೂರೈವತ್ತು.
ಮೇಲಿನ ನೂರೈವತ್ತು ನನ್ನ ಚೀಲದಿಂದ ಹೋಯಿತು.
ಆ ಬೆನ್ನಿನ ದಂಡ ಅಂದುಕೊಂಡೆ,
ಮಾಲಕನಿಗೆ ಹೇಳುವುದಿಲ್ಲ.

ರಿಕ್ಷಾದಲ್ಲಿ ಮೊಣಕಾಲ ನಡುವೆ ಹಿಡಿದು ಕುಂತೆ.
"ಅದು ಬಿಚ್ಚಿಕೊಂಡ್ರ?" ಅಂದಳು ಪಕ್ಕದ ಮುದುಕಿ.
ಬಿಚ್ಚಿಕೊಂಡ್ರ ಎಲ್ಲಾರೂ ಇಳೀಬೇಕ್ರಿ, ಮೊದಲು ನಾನು.

ಸಂಜೆ ಏರಿಸಿದೆ. ಮಾಲಕ ಬಾಗಿಲಿನಿಂದಲೇ:
"ಲವಕರ್, ಬೌರವ್ವಾ, ಲಾರಿ ನಿಂತದ!"
ಸೇಠ ಬಿಲ್ಲಿನ ಬೆನ್ನಿಗೆ ಬರೆದುಕೊಟ್ಟಿದ್ದ:
ಹೊಸ ಹಲ್ಲು ಮೊದಲ ದಿನ ಅರೆಹೊಟ್ಟೆ ಉಣ್ಣಬೇಕು.
ವಾಲ್ವನ್ನು ಅರ್ಧಕ್ಕೆ ನಿಲ್ಲಿಸಿ
ಅದರ ಮೇಲೆ ಕೈಯಿಟ್ಟುಕೊಂಡೇ ನಿಂತೆ.
ಲಾರಿಯವನು ಎರಡು ಸಲ ಹಾರ್ನು ಹೊಡೆದ.

ಹಾಲಿನಂಥ ನೀರಿನಡಿ ಬ್ಲೇಡು ಇಳಿಯಿತು, ನಿಧಾನ.
ಬಿದ್ದ ಚೂರು ಬೆಳ್ಳಗೆ, ಕನ್ನಡದ ೯ರಂತೆ ಸುರುಳಿ ಸುರುಳಿ.
ಅಂಗೈಯಲ್ಲಿ ಹಿಡಿದೆ. ಬೆಚ್ಚಗಿತ್ತು, ಸುಡಲಿಲ್ಲ.

ಬೆಂಚಿನ ಕಾಲು
ಇನ್ನೂರಾ ನಲವತ್ತು ಬಾಕಿ.