ನುಚ್ಚು

ಗಿರಣಿಯ ಬೆಲೆ ನೂರಾ ಎಂಬತ್ತು ಡಾಲರು.
ಮುಟ್ಟಿ ನೋಡಿದೆ, ಹಿಡಿ ತಿರುಗಿಸಿ ನೋಡಿದೆ,
ಇಡಿಕಾಳಿನ ಮಾಲ್ಟು ಐದು ಕಿಲೋ ಹೊತ್ತು ಮನೆಗೆ ಬಂದೆ.
ಅಂಗಡಿಯಲ್ಲೇ ಒಡೆಸಿದರೆ ಕಿಲೋಗೆ ನಲವತ್ತು ಸೆಂಟು ಹೆಚ್ಚಂತೆ.
ಒಡೆಯುವುದಕ್ಕೂ ಬಾಡಿಗೆಯೆ?

ಮೂವತ್ತೊಂದು ವರ್ಷ
ಈ ಥಂಡರ್ ಬೇ ಬಂದರಿನ ಕಣಜದಲ್ಲಿ
ನನ್ನ ಕಾಲ ಕೆಳಗೇ ಹರಿದಿದೆ ಬಾರ್ಲಿ,
ರೈಲಿನಿಂದ ಗೋಪುರಕ್ಕೆ, ಗೋಪುರದಿಂದ ಹಡಗಿಗೆ,
ಹಡಗಿನಿಂದ ನಾನು ಹೆಸರೂ ಕೇಳದ ಊರುಗಳಿಗೆ.
ನನ್ನ ಪಾಲಿಗೆ ಬಂದದ್ದು
ಪ್ಯಾಂಟಿನ ಮಡಿಕೆಯಲ್ಲಿ ಸಿಕ್ಕಿಕೊಂಡ ನಾಲ್ಕು ಕಾಳು.
ಅದನ್ನೂ ಐಲಿ ಹೊಸ್ತಿಲಲ್ಲೇ ಕೊಡವಿಸುತ್ತಿದ್ದಳು,
ಗುಬ್ಬಿಗಳಿಗೆ.

ಮೊದಲು ಲಟ್ಟಣಿಗೆ.
ಎರಡು ತಾಸಿಗೆ ಅರ್ಧ ಕಿಲೋ, ಮೂರು ದಿನ ಭುಜ ನೋವು.
ಆಮೇಲೆ ಕಾಫಿ ಬೀಜದ ಮಿಕ್ಸಿ.
ಅದು ಹಿಟ್ಟೇ ಮಾಡಿತು, ನಯವಾದ ಹಿಟ್ಟು,
ಬಿಸಿನೀರಿಗೆ ಬಿದ್ದದ್ದೇ ಅಂಬಲಿಯಾಗಿ
ಜರಡಿಯ ಮೇಲೆ ಮುಷ್ಕರ ಹೂಡಿ ಕೂತಿತು.
ಒಂದು ಹನಿ ಕೆಳಗಿಳಿಯಲಿಲ್ಲ.
ಹಂದಿ ಸಾಕಿದ್ದರೆ ಅವತ್ತು ಅವಕ್ಕೆ ಹಬ್ಬ.

ಕಾಳು ಒಡೆಯಬೇಕು, ಸಿಪ್ಪೆ ಹರಿಯಬಾರದು.
ಗಂಟು ಬಿಚ್ಚಬೇಕು, ಬಟ್ಟೆ ಉಳಿಯಬೇಕು.
ಆ ಸಿಪ್ಪೆಯೇ ಮುಂದೆ ಸೋಸುವ ಹಾಸಿಗೆ.
ಇದನ್ನು ಬೇಲಿಯ ಈಚೆ ನಿಂತು ವಿವರಿಸುತ್ತಿದ್ದೆ;
ಆಚೆ ಎರ್ಸಿಲಿಯಾ, ಶುಂಠಿ ಕೊಂಬಿನಂಥ ಬೆರಳುಗಳನ್ನು
ಏಪ್ರನ್ನಿನಲ್ಲಿ ಸುತ್ತಿಕೊಂಡು ಕೇಳಿಸಿಕೊಂಡಳು.
ಒಳಗೆ ಹೋದಳು. ಟವೆಲಿನಲ್ಲಿ ಸುತ್ತಿದ
ಪಾಸ್ತಾ ಯಂತ್ರ ತಂದು ಬೇಲಿಯ ಮೇಲಿಟ್ಟಳು.
"ನನ್ನ ಕೈಗೆ ಇನ್ನು ಇದು ಬಗ್ಗುವುದಿಲ್ಲ."

ಉರುಳೆಗಳು ಕನ್ನಡಿಯ ಹಾಗೆ. ಕಾಳು ಜಾರಿ ಜಾರಿ
ಮೇಲೆಯೇ ಕುಣಿಯಿತು, ಒಂದೂ ಒಳಗಿಳಿಯಲಿಲ್ಲ.
ಅರದಿಂದ ಗೀರಬೇಕು, ಎಂದೆ.
ಗೀರಿದರೆ ಇದರಲ್ಲಿ ಮತ್ತೆ ಕಣಕ ಎಳೆಯಲಾಗದು, ಎಂದೆ.
ಹಾಲು ಒಲೆಯ ಮೇಲಿಟ್ಟು ಮರೆತವಳ ಹಾಗೆ
ಒಂದು ಗಳಿಗೆ ನಿಂತಳು.
"ಎಷ್ಟು ಆಳ?" ಕೇಳಿದಳು.
ಉಗುರು ಸಿಕ್ಕುವಷ್ಟು.
ನಾನು ಅರ ಒತ್ತಿ ಹಿಡಿದೆ; ಎರಡೂ ಅಂಗೈಯ ನಡುವೆ
ಹಿಡಿ ಇರುಕಿಸಿಕೊಂಡು ತಿರುಗಿಸಿದವಳು ಅವಳೇ.
ಆ ಕಿರ್ರೆಂಬ ಸದ್ದಿಗೆ ಬೀದಿಯ ಕೊನೆಯ ನಾಯಿ ಬೊಗಳಿತು.

ಐಸ್‌ಕ್ರೀಮ್ ಡಬ್ಬಿಯ ತಳ ಕತ್ತರಿಸಿ ಬಾಯಿ ಮಾಡಿದೆ.
ಎರಡು ಚಮಚ ನೀರು ಚಿಮುಕಿಸಿ, ಕಾಳು ಕೈಯಾಡಿಸಿ, ಬಿಟ್ಟೆ:
ಸಿಪ್ಪೆ ಹದವಾಗಿ ಚರ್ಮದ ಹಾಗೆ ಬಾಗಲೆಂದು.
ಉರುಳೆಗಳ ನಡುವಿನ ಸಂದಿಗೆ ನಾನು ಬಸ್ ಪಾಸು ತೂರಿಸಿ
ಅಳೆಯುತ್ತಿದ್ದರೆ ಅವಳು ನಕ್ಕಳು.
"ಎರಡಕ್ಕಿಡು. ಬರೆದಿರುವುದು ಎರಡು, ಆದರೆ ಅದು ಎರಡೂವರೆ.
ನಲವತ್ತು ವರ್ಷದಿಂದ ಸುಳ್ಳು ಹೇಳುತ್ತಿದೆ."

ಷೆಡ್ಡಿನ ಬಾಗಿಲು ತೆಗೆದಿಟ್ಟೆ, ನವೆಂಬರಿನ ಗಾಳಿಯಲ್ಲೂ.
ಬಲ್ಬು ಆರಿಸಿದೆ. ಕೇಳಬೇಡಿ,
ಹಿಟ್ಟಿನ ಧೂಳು ಕಂಡರೆ ಕಿಡಿಗೆ ಹೆದರುವ ಕೈ ಇದು,
ಪೆನ್ಷನ್ ಬಂದರೂ ಬಿಟ್ಟಿಲ್ಲ.
ಅರೆಬೆಳಕಿನಲ್ಲಿ ಮೊದಲ ಹಿಡಿ ಬಕೆಟ್ಟಿಗೆ ಸುರಿಯಿತು
ಪಟಪಟ, ತಗಡಿನ ಮಾಡಿನ ಮೇಲೆ ಆಲಿಕಲ್ಲಿನಂತೆ.
ಅಂಗೈಯಲ್ಲಿ ಹರಡಿ ನೋಡಿದೆ:
ಸಿಪ್ಪೆ ಇಡಿಯಾಗಿ, ಒಳಗಿನ ಬಿಳುಪು ಮೂರು ತುಂಡಾಗಿ.
ನುಚ್ಚು.
ಬಾಯಿಗೆ ಹಾಕಿಕೊಂಡೆ. ಸಿಹಿ.
ಮೂವತ್ತೊಂದು ವರ್ಷದಲ್ಲಿ
ಅದರ ರುಚಿ ನೋಡಿಯೇ ಇರಲಿಲ್ಲ ನೋಡಿ.

ಮೂರನೆಯ ಕಿಲೋಗೆ ಯಂತ್ರದ ಹಲ್ಲಿನ ಮೂಲೆಯಿಂದ
ಏನೋ ಒಂದು ಕಳಚಿ ಬಿತ್ತು. ಬೂದುಬಣ್ಣ, ಉಗುರಿನಷ್ಟು,
ಕಲ್ಲಾಗಿತ್ತು. ಯಾವುದೋ ಭಾನುವಾರದ ಕಣಕ.
ಯಾರ ಊಟದ್ದೋ, ಮೇಜಿನ ಸುತ್ತ ಎಷ್ಟು ಜನರಿದ್ದರೋ.
ಎರ್ಸಿಲಿಯಾ ಬಗ್ಗಿ ನೋಡಿದಳು,
ನಾನು ಆರಿಸಿ ತೆಗೆಯಲು ಹೋದೆ.
"ಇರಲಿ," ಎಂದಳು.

ಒಟ್ಟು ಖರ್ಚು: ಅರಕ್ಕೆ ಆರು ಡಾಲರು.
ಬಕೆಟ್ಟು ಮನೆಯದೇ.
ನೆಲ ಗುಡಿಸುವುದು ನನ್ನ ಕೆಲಸವೆಂದು ಐಲಿ
ಪೊರಕೆಯನ್ನು ಬಾಗಿಲಿಗೆ ಒರಗಿಸಿ ಹೋಗಿದ್ದಾಳೆ.