ಎರಡೂ ಹತ್ತು

ದುರ್ಗದಬೈಲಿನ ಸಂದಿಯೊಳಗ ಹುಸೇನಬಿ
ನನ್ನ ಬಲಗೈ ಹಿಡದು ಬೆಳಕಿಗೆ ತಿರುವಿದಳು,
ಸಂತ್ಯಾಗ ಬದನಿಕಾಯಿ ಹುಳುಕು ನೋಡಿಧಾಂಗ.
'ಯವ್ವಾ, ಇದು ಕೈಯೋ, ಶುಂಠಿ ಬೇರೋ?'

ತಂಗಿ ಗೋದಾವರಿ ಮದುವಿ. ನಾಡದು ಸುರಗಿ.
ಹಸರ ಬಳಿ ಇಲ್ಲದ ಹಂದರದಾಗ ಕಾಲಿಡಬ್ಯಾಡ
ಅಂದಾಳ ಅವ್ವ.
ಎರಡೂ ನಾಕು ಸಾಕಾಗತಿತ್ತು ಹದಿನಾಕರ ವಯಸ್ಸಿಗೆ.
ಈಗ ಎರಡೂ ಎಂಟು ಹೆಬ್ಬಟ್ಟಿನ ಬುಡಕ್ಕ ಬಂದು
ಸಿಗ್ನಲ್ ಸಿಗದ ಗೂಡ್ಸ್ ಗಾಡಿ ಹಂಗ ನಿಂತೈತಿ.

'ಕೈ ಸಡ್ಲ ಬಿಡು' ಅಂತಾಳ.
ಸಡ್ಲ ಬಿಡೋದನ್ನ ನಾನು ಕಲತದ್ದು, ಹುಸೇನಬಿ.
ಬಿಗಿ ಹಿಡದ ಕೈಯಾಗ ಚೆಂಡು ನಿಂದರಂಗಿಲ್ಲ,
ಬಂದದ್ದನ್ನ ಒಂದು ಗೇಣು ಹಿಂದಕ್ಕ ಕರಕೊಂಡು ಹೋಗಬೇಕು,
ಹೊಸ್ತಲದಾಗ ನಿಂತ ಹೊಸಾ ಸೊಸಿನ್ನ
ಒಳಗ ಕರಕೊಂಡಂಗ.

ರೈಲ್ವೆ ಕ್ವಾರ್ಟರ್ಸಿನ ಹುಡುಗರು
ಬ್ಯಾಟೂ ಕೊಡಲಿಲ್ಲ, ಬಾಲೂ ಕೊಡಲಿಲ್ಲ.
'ಏ ಸುವರ್ಣಿ, ಹಿಂದ ನಿಂದ್ರು.
ಬಿಟ್ಟಿ ಅಂದ್ರ ಗಟಾರಕ್ಕ ನೀನ ಇಳೀಬೇಕು.'
ಗಟಾರಿನ ಹೇಸಿಗಿಗೆ ಅಂಜಿ ಕಲತ ವಿದ್ಯಾ ಇದು.
ಮುಂದ ಪೇಪರಿನವರು ಬಂದು
ನಿಮ್ಮ ಸ್ಫೂರ್ತಿ ಯಾರ್ರಿ ಅಂತ ಕೇಳಿದಾಗ
ಗಟಾರ ಅನ್ನಾಕ ನಾಚಿಕಿ ಬಂದು
ಅಪ್ಪ ಅಂದೆ.
ಅಪ್ಪ ಆ ತುಣುಕು ಕತ್ತರಿಸಿ
ಟಿಫಿನ್ ಡಬ್ಬಿಯ ಮುಚ್ಚಳದೊಳಗ ಇಟಗೊಂಡ.

ಪೂರಾ ಸುಳ್ಳೂ ಅಲ್ಲ.
ವರ್ಕ್‌ಶಾಪಿನ್ಯಾಗ ಸುತ್ತಿಗಿಲೆ ಗಾಲಿ ಬಡದು
ಒಳಗಿನ ಬಿರುಕು ಕಿವೀಲೆ ಹುಡುಕಾಂವ ಅಂವ.
ಕೈ ಗಟಾರದ್ದು, ಕಿವಿ ಅಪ್ಪಂದು.

'ಈ ಉಂಗರ ಬೆರಳಿಗೆ ಏನಾತು?'
ಇಂಗ್ಲೆಂಡಿನ ಒಂದು ಊರು, ಹೆಸರು ನಾಲಿಗಿಗೆ ಬರಂಗಿಲ್ಲ.
ಥಂಡಿಗೆ ಹಲ್ಲು ಕಟಕಟ. ನಮ್ಮ ವೇಗದ ಹುಡುಗಿ
ಲೆಗ್ ಕಡೆ ಒಗದದ್ದು, ಕಡೀ ಗಳಿಗ್ಯಾಗ ಹೊಳ್ಳಿದ್ದು.
ಮುರದದ್ದು ಗೊತ್ತಾಗಿದ್ದು ಊಟಕ್ಕ ಕುಂತಾಗ,
ಚಮಚಾ ಹಿಡಿಯಾಕ ಹೋದಾಗ.
ಕೋಚ್ ಮುಂದ ಹೇಳಲಿಲ್ಲ. ಹೇಳಿದ್ರ
ಬೆಂಚಿನ ಮ್ಯಾಲ ಇನ್ನೊಬ್ಬಾಕಿ ಇದ್ದಳಲ್ಲ.
ಪಕ್ಕದ ಬೆರಳಿಗೆ ಜೋಡಿಸಿ ಪಟ್ಟಿ ಸುತ್ತಿದೆ,
ಎರಡು ಪಂದ್ಯ ದೂಡಿದೆ.
ಮೂರನೇದಕ್ಕ ಆ ಇನ್ನೊಬ್ಬಾಕಿನ ಇಳದಳು.
ಚಲೋ ಆಡತಿದ್ದಳು. ಇನ್ನೂ ಆಡತಾಳ.

ಒಂಬತ್ತು ವರ್ಷ, ಹನ್ನೊಂದು ಪಂದ್ಯ.
ಉಳದದ್ದೆಲ್ಲ ನೀರಿನ ಬಾಟ್ಲಿ ಹೊತ್ತದ್ದು.
ಹಿಡದದ್ದು ಬೌಲರಿನ ಲೆಕ್ಕಕ್ಕ,
ಬಿಟ್ಟದ್ದು 'ಬೈ' ಅಂತ ಹೆಸರಿಲ್ಲದ ಸಾಲಿನ್ಯಾಗ,
ಆದ್ರ ಅದು ಯಾರದಂತ ಎಲ್ಲಾರಿಗೂ ಗೊತ್ತು.
ಈಗ ಪಾರ್ಸಲ್ ಆಫೀಸಿನ ತಕ್ಕಡಿ ಮುಂದ ನನ್ನ ಕುರ್ಚಿ,
ಬ್ಯಾಸಗ್ಯಾಗ ಧಾರವಾಡದ ಆಪೂಸು ತೂಗತೀನಿ.

'ನೆಟ್ಟಗ ಕೂಡವ್ವಾ, ಹಂಗ್ಯಾಕ ಕುಕ್ಕರಗಾಲಿಲೆ?'
ಚಕ್ಕಳಮಕ್ಕಳಕ್ಕ ಮೊಣಕಾಲು ಒಲ್ಲೆ ಅಂತಾವ.
ಮದುವಿ ಪಂಕ್ತ್ಯಾಗೂ ಹಿಂಗ ಕೂಡಾಕಿ ನಾನು,
ಸಾರಿನ ಬಕೀಟು ಹಿಡಕೊಂಡು ಬಡಿಸಾಂವ
ರನಪ್ ತಗೊಂಡು ಬಂಧಾಂಗ ಕಾಣತಾನ.

ಸೋಪಿನ ನೊರಿ ಹಚ್ಚಿದಳು, ಗಿಣ್ಣು ಒತ್ತಿದಳು.
ಎರಡು ಒಡದೂ ಅಂದೆ.
ಬಾಯಿ ಮುಚ್ಚಿಸಿದಳು:
'ಬಳಿ ಒಡದೂ ಅನಬಾರದು, ಹೆಚ್ಚಿದೂ ಅನಬೇಕು.'
ಹಂಗಾರ ನನ್ನ ಬೆರಳೂ ಹೆಚ್ಚ್ಯಾವ ನೋಡು.
ನಗಲಿಲ್ಲ ಆಕಿ. ಮ್ಯಾಲಿನ ಗೂಟದಿಂದ
ಎರಡೂ ಹತ್ತರ ಗೊಂಚಲು ಇಳಿಸಿದಳು,
ಒಂದೊಂದ, ಒಂದೊಂದ, ಏರಿಸಿದಳು.

ಸಿಬಿಟಿಯೊಳಗ ಗದಗ ರೋಡಿನ ಬಸ್ಸು.
ಕಂಡಕ್ಟರ ಸೊನ್ನಿ ರೂಪಾಯಿ ಟಿಕೀಟು ಹರದ ಕೊಟ್ಟ.
ಸೊನ್ನಿ ನನಗೇನು ಹೊಸಾದಲ್ಲ.
ಸ್ಟೇಷನ್ ಮುಂದ ಬ್ರೇಕು ಬಿತ್ತು,
ಬಳಿ ಕಬ್ಬಿಣದ ಸಳಿಗೆ ತಾಗಿ
ಟಿಕ್.

ಅಷ್ಟ. ಬ್ಯಾಟಿನ ಅಂಚು ಸವರಿಧಾಂಗ,
ಅಂಪೈರಿಗೆ ಕೇಳಿಸದಷ್ಟು.
ಗಂಟಲ ತುಂಬ ಕೂಗು ಬಂದು
ಬಲಗೈ ಮ್ಯಾಲ ಏರಿಬಿಟ್ಟಿತ್ತು,
ಬಳಿ ಎಲ್ಲಾ ಮೊಣಕೈ ಕಡೆ ಜಾರಿ ಗಲಗಲ.

'ಇಳಿಯಾವರೇನ್ರಿ ಅಕ್ಕಾರ?'
ಸೀಟಿ ತುಟಿಗೆ ಇಟಗೊಂಡು ಕೇಳಿದ ಕಂಡಕ್ಟರ.
ಇಲ್ರಿ, ಅಂದೆ.
ವರ್ಕ್‌ಶಾಪ್ ಸ್ಟಾಪು ನಂದು.